ಒಂದು ಊರಿನ ಒಲವು: ರಾಮಕುಂಜದ ಸುತ್ತಿನ ಮತದಾನ

ಮತವು ಗೋಪ್ಯವಾದುದು; ಆದರೆ ಮತಗಟ್ಟೆಯ ಒಲವು ಗೋಪ್ಯವಲ್ಲ. ಚುನಾವಣೆ ಮುಗಿದು ಎಣಿಕೆ ಪೂರ್ತಿಯಾದ ಮೇಲೆ ನಮೂನೆ 20 ಎಂಬ ಪಟ್ಟಿಯೊಂದು ಸಿದ್ಧವಾಗುತ್ತದೆ. ಕ್ಷೇತ್ರದ ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತಗಳು ಬಿದ್ದುವೆಂಬುದು ಆ ಪಟ್ಟಿಯಲ್ಲಿ ಸಾಲುಸಾಲಾಗಿ ನಮೂದಾಗಿರುವುದರಿಂದ, ಇಂಥವನು ಇಂಥವರಿಗೆ ಮತ ಕೊಟ್ಟನೆಂದು ಹೇಳಲಾಗದಿದ್ದರೂ, ಸರಕಾರಿ ಶಾಲೆಯ ಕೋಣೆಯೊಂದರಲ್ಲಿ ದಿನವಿಡೀ ಸರತಿಯಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡು ಹೋದ ಆ ಸಾವಿರ ಮಂದಿಯ ಸಮುದಾಯದ ಮನಸ್ಸು ಎತ್ತ ವಾಲಿತ್ತೆಂಬುದನ್ನು ಯಾರು ಬೇಕಾದರೂ ಓದಿಕೊಳ್ಳಬಹುದಾಗಿದೆ. ಪಕ್ಷಗಳ ಕಾರ್ಯಕರ್ತರು ಈ ಪಟ್ಟಿಯನ್ನು ಪಂಚಾಂಗದಷ್ಟೇ ಶ್ರದ್ಧೆಯಿಂದ ಓದುವರು. ಸಾಮಾನ್ಯ ಓದುಗರು ಮಾತ್ರ ಅದರ ಗೊಡವೆಗೆ ಹೋಗದೆ, ಜಿಲ್ಲೆಗೆ ಜಿಲ್ಲೆಯನ್ನೇ ಒಂದು ಬಣ್ಣದಲ್ಲಿ ಬಳಿದ ಭೂಪಟವನ್ನು ಪತ್ರಿಕೆಯಲ್ಲಿ ನೋಡಿ, ಕರಾವಳಿಯೆಂದರೆ ಹೀಗೆಯೇ ಎಂದು ತೀರ್ಮಾನಿಸಿಬಿಡುವುದುಂಟು. ಆ ತೀರ್ಮಾನ ಸುಳ್ಳೆಂದು ನಾನು ಹೇಳುವುದಿಲ್ಲ, ಅಪೂರ್ಣವೆಂದು ಹೇಳುತ್ತೇನೆ. ಹೀಗಾಗಲು ಕಾರಣವೇನು, ಯಾವಾಗ ಆಯಿತು, ಎಲ್ಲ ಕಾಲದಲ್ಲಿಯೂ ಹೀಗೆಯೇ ಇತ್ತೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ, ಭೂಪಟವನ್ನು ಮಡಚಿಟ್ಟು ಒಂದು ಸಣ್ಣ ಊರಿನ ಬಳಿ ನಿಲ್ಲುವುದು ಒಳ್ಳೆಯದು.

ರಾಮಕುಂಜ ಅಂಥ ಊರು. 2018ರಲ್ಲಿ ಕಡಬವು ಪ್ರತ್ಯೇಕ ತಾಲೂಕಾಗುವವರೆಗೆ ಪುತ್ತೂರು ತಾಲೂಕಿನದಾಗಿದ್ದ ಈ ಗ್ರಾಮ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಲು ಹೋಗುವ ಕುಮಾರಧಾರೆಯ ಸೀಮೆಗೆ ಸೇರಿದ್ದು, ಅಡಿಕೆ ತೋಟಗಳ, ರಬ್ಬರು ಗುಡ್ಡಗಳ, ಒಂದು ದೇವಸ್ಥಾನದ ಮತ್ತು ಆ ದೇವಸ್ಥಾನದ ಹೆಸರನ್ನೇ ಹೊತ್ತ ವಿದ್ಯಾಸಂಸ್ಥೆಗಳ ಊರು. ಇಲ್ಲಿಯವರು ಶಾಸಕರನ್ನು ಆರಿಸುವುದು ಸುಳ್ಯ ಮೀಸಲು ಕ್ಷೇತ್ರಕ್ಕೆ. ಕೆಲವು ಮೈಲಿ ಸರಿದು ಉಪ್ಪಿನಂಗಡಿಗೆ ಹೋದರೆ ಅಲ್ಲಿಯವರ ಮತ ಪುತ್ತೂರು ಕ್ಷೇತ್ರಕ್ಕೆ. ಒಂದೇ ಸಂತೆಯ, ಒಂದೇ ಜಾತ್ರೆಯ, ಒಂದೇ ಮಾತಿನ ಜನರು ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿರುವುದು ಅಧ್ಯಯನದ ದೃಷ್ಟಿಯಿಂದ ಒಂದು ಭಾಗ್ಯವೇ ಸರಿ. ಏಕೆಂದರೆ ಈ ಎರಡು ಕ್ಷೇತ್ರಗಳು ಕೆಲವೊಮ್ಮೆ ಜೊತೆಜೊತೆಯಾಗಿ ನಡೆದು, ಕೆಲವೊಮ್ಮೆ ಥಟ್ಟನೆ ಬೇರೆ ಬೇರೆ ದಾರಿ ಹಿಡಿದಿವೆ.

ಈ ಸೀಮೆಯ ಜನ ಅಧಿಕಾರದ ವಿಷಯದಲ್ಲಿ ಉದಾಸೀನರಾಗಿದ್ದುದು ಎಂದೂ ಇಲ್ಲ. 1837ರಲ್ಲಿ ಕಂದಾಯದ ಭಾರಕ್ಕೆ ರೋಸಿಹೋಗಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು, ಪುತ್ತೂರನ್ನು ದಾಟಿ ಮಂಗಳೂರಿನವರೆಗೆ ನಡೆದು ಕಂಪನಿ ಸರಕಾರವನ್ನು ಕೆಲವು ದಿನಗಳ ಮಟ್ಟಿಗಾದರೂ ಅಲ್ಲಿಂದ ಕದಲಿಸಿತು. ಜನ ಇಂದಿಗೂ ಅದನ್ನು ಮುಂದಾಳುವಿನ ಹೆಸರಿನಿಂದ ಕಲ್ಯಾಣಪ್ಪನ ಕಾಟಕಾಯಿ ಎನ್ನುತ್ತಾರೆ. ಹರಿಜನೋದ್ಧಾರದ ಪ್ರವಾಸದಲ್ಲಿದ್ದ ಗಾಂಧೀಜಿ 1934ರಲ್ಲಿ ಪುತ್ತೂರಿಗೆ ಬಂದರು. ಸ್ವಾತಂತ್ರ್ಯಾನಂತರದ ಮೊದಲ ಮಹಾಚುನಾವಣೆಯಲ್ಲಿ, ಜಿಲ್ಲೆಯು ಇನ್ನೂ ಮದರಾಸು ರಾಜ್ಯದಲ್ಲಿದ್ದಾಗ, ಈ ಪ್ರದೇಶವು ಕಾಂಗ್ರೆಸ್ಸನ್ನು ಆರಿಸಿದುದರಲ್ಲಿ ಆಶ್ಚರ್ಯವಿಲ್ಲ. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಬಹುಕಾಲ ಅದೇ ನಿಷ್ಠೆ ನಡೆಯಿತು. ಆ ನಿಷ್ಠೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ, ದೇಶದ ಬಹುಭಾಗದಲ್ಲಿ ಅದು ಹಾಗೆಯೇ ಇತ್ತು. ಹೇಳಬೇಕಾದುದು ಅನಂತರದ ಕಥೆ.

ದಕ್ಷಿಣ ಕನ್ನಡವು ಗೇಣಿ ಒಕ್ಕಲುಗಳ ಜಿಲ್ಲೆಯಾಗಿತ್ತು. ಮೂಲಗೇಣಿಯವನಿಗೆ ಜಮೀನಿನ ಮೇಲೆ ಶಾಶ್ವತವಾದ ಹಕ್ಕು; ಚಾಲಗೇಣಿಯವನಿಗೆ ಧಣಿಯ ಮರ್ಜಿಯೇ ಹಕ್ಕು. ವರ್ಷಕ್ಕಿಷ್ಟು ಮುಡಿ ಅಕ್ಕಿಯನ್ನು ಅಳೆದು, ಮಳೆ ಹೋದ ವರ್ಷವೂ ಅಳೆದು, ಅಳೆಯಲಾಗದಿದ್ದರೆ ಬಿಟ್ಟೇಳಬೇಕಾದ ಬಾಳು ಅದು. ದೇವರಾಜ ಅರಸರ ಕಾಂಗ್ರೆಸ್ ಸರಕಾರ ತಂದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಭೂಸುಧಾರಣೆಯ ಖಾತೆಯನ್ನು ಹೊತ್ತಿದ್ದ ಸಚಿವ ಬಿ. ಸುಬ್ಬಯ್ಯ ಶೆಟ್ಟರು ಇದೇ ಜಿಲ್ಲೆಯವರು. ನಮೂನೆ 7ರಲ್ಲಿ ಅರ್ಜಿ ಕೊಡುವುದನ್ನು ಇಲ್ಲಿಯವರು ಡಿಕ್ಲರೇಶನ್ ಕೊಡುವುದೆಂದು ಕರೆದರು. ಆ ಒಂದು ಕಾಗದದಿಂದ ಗೌಡರು, ಬಿಲ್ಲವರು, ಬಂಟರು ಮುಂತಾದ ಸಹಸ್ರಾರು ಕುಟುಂಬಗಳ ಸ್ಥಿತಿ ಒಂದೇ ತಲೆಮಾರಿನಲ್ಲಿ ಮಾರ್ಪಟ್ಟಿತು. ಅಂತೆಯೇ, ತೋಟವನ್ನು ಸ್ವತಃ ಮಾಡಿಸದೆ ಗೇಣಿಯನ್ನೇ ನೆಚ್ಚಿದ್ದ ಅನೇಕ ಬ್ರಾಹ್ಮಣ, ಜೈನ ಹಾಗೂ ಬಂಟ ಮನೆತನಗಳೂ ಗೇಣಿಯ ಆದಾಯದ ಮೇಲೆ ನಡೆಯುತ್ತಿದ್ದ ದೇವಸ್ಥಾನಗಳೂ ಕಂಗೆಟ್ಟವು. ಕರ್ನಾಟಕದ ಆಧುನಿಕ ಇತಿಹಾಸದಲ್ಲಿ ಇಷ್ಟು ದೊಡ್ಡ ಪರಿವರ್ತನೆ ಇಷ್ಟು ಕಡಿಮೆ ರಕ್ತಪಾತದಿಂದ ನಡೆದ ದೃಷ್ಟಾಂತ ಬೇರೆ ಇರಲಾರದೆಂದು ನನ್ನ ಭಾವನೆ.

ಇಲ್ಲಿಯೇ ಹೊರಗಿನವರನ್ನು ದಿಗ್ಭ್ರಮೆಗೊಳಿಸುವ ಪ್ರಶ್ನೆ ಏಳುವುದು. ಭೂಮಿ ಕೊಡಿಸಿದ ಪಕ್ಷವನ್ನು ಆ ಭೂಮಿಯನ್ನು ಪಡೆದವರ ಮಕ್ಕಳೇ ಬಿಟ್ಟುಕೊಟ್ಟುದು ಹೇಗೆ? ಕೃತಜ್ಞತೆಯಿಲ್ಲದ ಜನವೆಂದು ಕೆಲವರು ಸಿಡುಕುವುದನ್ನು ಕೇಳಿದ್ದೇನೆ. ಅದು ಅನ್ಯಾಯದ ಮಾತು. ಚುನಾವಣೆಗಳ ಕ್ರಮವನ್ನು ನೋಡಿದರೆ ಕೃತಜ್ಞತೆ ಇದ್ದೇ ಇತ್ತೆಂಬುದು ಸ್ಪಷ್ಟವಾಗುವುದು. ಪುತ್ತೂರಿನಲ್ಲಿ ಉರಿಮಜಲು ಕೆ. ರಾಮ ಭಟ್ಟರು 1978ರಲ್ಲಿ ಜನತಾ ಪಕ್ಷದಿಂದಲೂ 1983ರಲ್ಲಿ ಭಾರತೀಯ ಜನತಾ ಪಕ್ಷದಿಂದಲೂ ಗೆದ್ದರೆ, ಸುಳ್ಯದಲ್ಲಿ 1983ರಲ್ಲಿ ಬಾಕಿಲ ಹುಕ್ರಪ್ಪನವರು ಅದೇ ಪಕ್ಷದಿಂದ ಗೆದ್ದರು. ರಾಜ್ಯದಲ್ಲಿ ಆ ಪಕ್ಷಕ್ಕೆ ಅಂದು ದೊರೆತ 18 ಸ್ಥಾನಗಳಲ್ಲಿ ಇವೆರಡೂ ಸೇರಿದ್ದುವು. ಆದರೆ 1985 ಮತ್ತು 1989ರಲ್ಲಿ ಎರಡೂ ಕ್ಷೇತ್ರಗಳು ಮರಳಿ ಕಾಂಗ್ರೆಸ್ಸಿಗೆ ಬಂದುವು: ಸುಳ್ಯಕ್ಕೆ ಕೆ. ಕುಶಲ, ಪುತ್ತೂರಿಗೆ ವಿನಯಕುಮಾರ ಸೊರಕೆ. ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿ 1977ರಿಂದ ನಾಲ್ಕು ಸಲ ಜನಾರ್ದನ ಪೂಜಾರಿಯವರೇ ಆರಿಸಿಬಂದರು. 1991ರಲ್ಲಿ ಭಾರತೀಯ ಜನತಾ ಪಕ್ಷದ ವಿ. ಧನಂಜಯ ಕುಮಾರರು ಅವರನ್ನು ಸೋಲಿಸಿದ ಮೇಲೆ, ಆ ಲೋಕಸಭಾ ಸ್ಥಾನವು 2024ರವರೆಗಿನ ಎಂಟು ಚುನಾವಣೆಗಳಲ್ಲಿ ಒಮ್ಮೆಯೂ ಕೈ ಬದಲಾಯಿಸಲಿಲ್ಲ. ಸುಳ್ಯವು 1994ರಲ್ಲಿ ತಿರುಗಿದುದು ಮತ್ತೆ ತಿರುಗಲೇ ಇಲ್ಲ.

ಅಂದರೆ ಭೂಸುಧಾರಣೆಗೂ ಈ ಪಲ್ಲಟಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳ ಅಂತರವಿದೆ. ಒಕ್ಕಲಾಗಿದ್ದವನಿಗೆ ಒಡೆತನ ಕೊಟ್ಟವರ ನೆನಪು ಇದ್ದಿತು. ಒಡೆಯನಾಗಿಯೇ ಹುಟ್ಟಿದ ಅವನ ಮಗನಿಗೆ ಬೇರೆ ಚಿಂತೆಗಳು ಬಂದುವು. ಗದ್ದೆ ತೋಟವಾಯಿತು, ಅಕ್ಕಿ ಅಡಿಕೆಯಾಯಿತು. ಅಡಿಕೆಯ ಧಾರಣೆ, ವಿದೇಶದಿಂದ ನುಸುಳುವ ಅಗ್ಗದ ಅಡಿಕೆ, ಮಳೆಗಾಲದ ಕೊಳೆರೋಗ, ಮೈಲುತುತ್ತಿನ ಬೆಲೆ, ಮರವೇರಿ ಔಷಧ ಸಿಂಪಡಿಸಲು ಸಿಗದ ಆಳು, ಸುಳ್ಯದ ಕಡೆಯಲ್ಲಿ ತೋಟಗಳನ್ನೇ ನುಂಗಿದ ಹಳದಿ ಎಲೆರೋಗ: ಈ ವಿಷಯಗಳಲ್ಲಿ ಹಳೆಯ ಧಣಿಯ ಮಗನಿಗೂ ಹಳೆಯ ಒಕ್ಕಲಿನ ಮಗನಿಗೂ ಭೇದವೇನೂ ಉಳಿಯಲಿಲ್ಲ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದುದು ಈ ಸಮಾನ ಹಿತದ ಮೇಲೆಯೇ. ಗೇಣಿಯ ಜಗಳ ನಿಂತಮೇಲೆ ಅವರಿಬ್ಬರೂ ಒಂದೇ ಸೊಸೈಟಿಯ ಸದಸ್ಯರು, ಒಂದೇ ಕ್ಯಾಂಪ್ಕೊ ಶಾಖೆಯ ಮುಂದೆ ಗೋಣಿ ಇಳಿಸುವವರು, ಒಂದೇ ದೇವಸ್ಥಾನದ ಬ್ರಹ್ಮಕಲಶ ಸಮಿತಿಯಲ್ಲಿ ಅಕ್ಕಪಕ್ಕ ಕುಳಿತುಕೊಳ್ಳುವವರಾದರು. ವರ್ಗದ ವೈರ ತಣ್ಣಗಾದ ಆ ನೆಲದಲ್ಲಿ ಧರ್ಮದ ಐಕ್ಯವನ್ನು ಬೋಧಿಸುವ ರಾಜಕಾರಣ ಬೇರುಬಿಟ್ಟುದರಲ್ಲಿ ಒಂದು ತರ್ಕವಿದೆ. ಮೆಚ್ಚುವವರೂ ಮೆಚ್ಚದವರೂ ಆ ತರ್ಕವನ್ನು ಅರಿತಿರಬೇಕು.

ಹೀಗೆ ಬೇರುಬಿಟ್ಟುದು ಭಾಷಣಗಳಿಂದಲ್ಲ. ನನಗೆ ಈ ಇಡೀ ವಿಷಯದಲ್ಲಿ ಮುಖ್ಯವಾಗಿ ಕಂಡಿರುವುದು ಇದು: ಈ ಕಡೆಯ ಹಳ್ಳಿಗಳಲ್ಲಿ ಮತವು ಮತದಾನದ ದಿನ ನಿರ್ಣಯವಾಗುವುದಲ್ಲ, ವರ್ಷದ ಉಳಿದ ದಿನಗಳಲ್ಲಿ ಜನರನ್ನು ಒಟ್ಟುಗೂಡಿಸುವ ಸಂಸ್ಥೆಗಳಲ್ಲಿ ಅದು ಮೆಲ್ಲಮೆಲ್ಲನೆ ರೂಪುಗೊಳ್ಳುವುದು. ಭಜನಾ ಮಂದಿರ, ರಾಷ್ಟ್ರೀಯ ಸ್ವಯಂಸೇವಕ ಸಂಘದ ಶಾಖೆ, ಸಾರ್ವಜನಿಕ ಗಣೇಶೋತ್ಸವ, ದೈವದ ನೇಮ, ಯುವಕ ಮಂಡಲ, ಹಾಲಿನ ಸೊಸೈಟಿ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಶಾಲೆಯ ಆಡಳಿತ ಮಂಡಳಿ, ಇವುಗಳಲ್ಲಿ ವರ್ಷವಿಡೀ ಕುರ್ಚಿ ಜೋಡಿಸುವವನು, ಚಪ್ಪರ ಹಾಕುವವನು, ರಾತ್ರಿ ಕಾಯಿಲೆಯಾದವರನ್ನು ಜೀಪಿನಲ್ಲಿ ಪುತ್ತೂರಿಗೆ ಕರೆದೊಯ್ಯುವವನು ಯಾರೋ ಅವನ ಮಾತಿಗೆ ಏಪ್ರಿಲ್ ತಿಂಗಳಲ್ಲಿ ಬೆಲೆ ಬರುವುದು. ಮೊಳಹಳ್ಳಿ ಶಿವರಾಯರಂಥ ಮಹನೀಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುತ್ತೂರಿನಲ್ಲಿ ನೆಟ್ಟ ಸಹಕಾರ ತತ್ತ್ವವು ಪಕ್ಷಾತೀತವಾಗಿತ್ತು. ಇಂದು ಸೊಸೈಟಿಯ ನಿರ್ದೇಶಕರ ಚುನಾವಣೆಗೂ ಸಂಘದ ಒಲವಿನ ಸಹಕಾರ ಭಾರತಿಯ ತಂಡ, ಕಾಂಗ್ರೆಸ್ ಬೆಂಬಲಿತರ ತಂಡ ಎಂದು ಪಟ್ಟಿಗಳು ಏರ್ಪಡುತ್ತವೆ. ಪುತ್ತೂರಿನಲ್ಲಿ 1965ರಲ್ಲಿ ಆರಂಭವಾದ ವಿವೇಕಾನಂದ ಕಾಲೇಜು, ಅದರ ಸುತ್ತ ಬೆಳೆದ ಶಾಲೆಗಳ ಸಮೂಹ, ಇವುಗಳಲ್ಲಿ ಓದಿದ ತಲೆಮಾರುಗಳಿಗೆ ಸಂಘದ ವಿಚಾರಧಾರೆಯು ಅಪರಿಚಿತವಾಗಿ ಉಳಿಯಲಿಲ್ಲ. ಕಾಂಗ್ರೆಸ್ಸಿಗೆ ಇಲ್ಲಿ ಒಳ್ಳೆಯ ನಾಯಕರಿದ್ದರು, ಜನೋಪಕಾರದ ಶಾಸನಗಳಿದ್ದುವು. ಚುನಾವಣೆ ಮುಗಿದ ಮರುದಿನದಿಂದ ಮುಂದಿನ ಚುನಾವಣೆಯವರೆಗೆ ಊರಿನ ದಿನಚರಿಯಲ್ಲಿ ಬೆರೆತಿರುವ ಸಂಸ್ಥೆಗಳು ಅಷ್ಟಾಗಿ ಇರಲಿಲ್ಲ.

ರಾಮಕುಂಜದ ವಿಷಯದಲ್ಲಿ ಇನ್ನೊಂದು ವಿಶೇಷವನ್ನು ಬಿಡುವಂತಿಲ್ಲ. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳು 1931ರ ಏಪ್ರಿಲಿನಲ್ಲಿ ಹುಟ್ಟಿದುದು ಇಲ್ಲಿ, ಬಾಲ್ಯದ ಓದು ಇಲ್ಲಿಯ ರಾಮಕುಂಜೇಶ್ವರ ಸಂಸ್ಕೃತ ಶಾಲೆಯಲ್ಲಿ, 1938ರಲ್ಲಿ ಸಂನ್ಯಾಸ. 1969ರಲ್ಲಿ ಉಡುಪಿಯ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನದಲ್ಲಿ ಅಸ್ಪೃಶ್ಯತೆಗೆ ಶಾಸ್ತ್ರಸಮ್ಮತಿಯಿಲ್ಲವೆಂಬ ಘೋಷಣೆಗೆ ಜೊತೆನಿಂತವರು, ಅನಂತರ ದಲಿತರ ಕೇರಿಗೆ ಕಾಲಿಟ್ಟು ಸಂಪ್ರದಾಯಸ್ಥರ ಅಸಮಾಧಾನವನ್ನು ಎದುರಿಸಿದವರು, 1985ರಲ್ಲಿ ಉಡುಪಿಯ ಧರ್ಮಸಂಸತ್ತಿನ ಮೂಲಕ ರಾಮಜನ್ಮಭೂಮಿಯ ಆಂದೋಲನಕ್ಕೆ ದನಿಗೂಡಿಸಿದವರು, ಮತ್ತು 2017ರಲ್ಲಿ ಉಡುಪಿಯ ಮಠದಲ್ಲಿಯೇ ಮುಸಲ್ಮಾನರಿಗೆ ಇಫ್ತಾರ್ ಏರ್ಪಡಿಸಿ ತಮ್ಮವರಿಂದಲೇ ಟೀಕೆ ಕೇಳಿದವರು ಒಬ್ಬರೇ. 2019ರ ಡಿಸೆಂಬರ್ 29ರಂದು ಅವರು ತೀರಿಕೊಂಡಾಗ ಊರು ಕಳೆದುಕೊಂಡುದು ರಾಜಕೀಯ ಪ್ರೇರಕರೊಬ್ಬರನ್ನಲ್ಲ, ತನ್ನ ಶಾಲೆಗಳ ಹಿರಿಯನನ್ನು. ಒಬ್ಬ ಯತಿಯಿಂದ ಮತಗಳು ಹೀಗೆ ಬೀಳುತ್ತವೆಂದು ಲೆಕ್ಕ ಹಾಕುವುದು ತಪ್ಪು; ಆದರೆ ಅಯೋಧ್ಯೆಯೆಂಬುದು ಉಳಿದವರಿಗೆ ದೂರದ ಸುದ್ದಿಯಾಗಿದ್ದಾಗ, ಈ ಊರಿನವರಿಗೆ ಅದು ತಮ್ಮೂರಿನ ಹುಡುಗ ಭಾಗವಹಿಸಿದ ಕಾರ್ಯವಾಗಿ ಹತ್ತಿರವಾಗಿತ್ತೆಂಬುದನ್ನು ಮರೆಯಲಾಗದು.

ಜಾತಿಯೇ ಎಲ್ಲವನ್ನೂ ವಿವರಿಸುವುದೆಂದು ನಂಬಿದವರಿಗೆ ಈ ಸೀಮೆ ಒಂದು ಪಾಠ. ಸುಳ್ಯ, ಕಡಬಗಳ ಕಡೆ ಗೌಡ ಸಮುದಾಯವು ದೊಡ್ಡದು. ಅರೆಭಾಷೆಯನ್ನೋ ತುಳುವನ್ನೋ ಆಡುವ ಈ ಗೌಡರು ಸರಕಾರಿ ದಾಖಲೆಯಲ್ಲಿ ಒಕ್ಕಲಿಗರೇ. ಹಾಸನ, ಮಂಡ್ಯಗಳ ಒಕ್ಕಲಿಗರು ದೇವೇಗೌಡರ ಪಕ್ಷವನ್ನು ತಮ್ಮದೆಂದು ಅಪ್ಪಿಕೊಂಡ ಕಾಲದಲ್ಲಿಯೂ ಇಲ್ಲಿಯ ಗೌಡರು ಆ ಕಡೆ ತಲೆಹಾಕಲಿಲ್ಲ. ಬದಲಾಗಿ ಸುಳ್ಯದ ಮಂಡೆಕೋಲಿನ ಡಿ. ವಿ. ಸದಾನಂದ ಗೌಡರು 1994, 1999ರಲ್ಲಿ ಪುತ್ತೂರಿನ ಶಾಸಕರಾಗಿ, 2004ರಲ್ಲಿ ಮಂಗಳೂರಿನ ಸಂಸದರಾಗಿ, 2011ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದುದು ಭಾರತೀಯ ಜನತಾ ಪಕ್ಷದಿಂದ. ರಾಮಕುಂಜಕ್ಕೆ ದೂರವಲ್ಲದ ಚಾರ್ವಾಕದ ಶೋಭಾ ಕರಂದ್ಲಾಜೆಯವರು ಕೇಂದ್ರದ ಮಂತ್ರಿಣಿಯಾದುದೂ ಅದೇ ಪಕ್ಷದಿಂದ. ಜಾತಿಯ ಹೆಸರು ಒಂದೇ; ಘಟ್ಟದ ಮೇಲಿನ ಒಲವು ಬೇರೆ, ಕೆಳಗಿನ ಒಲವು ಬೇರೆ.

ಸುಳ್ಯವು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವಾದುದರಿಂದ ಅಲ್ಲಿ ಸಂಖ್ಯಾಬಲವುಳ್ಳ ಸಮುದಾಯಗಳು ತಮ್ಮವನನ್ನು ನಿಲ್ಲಿಸುವಂತಿಲ್ಲ. ಹಾಗಾಗಿ ವ್ಯಕ್ತಿಯನ್ನೂ ಕುಲವನ್ನೂ ದಾಟಿ ಪಕ್ಷದ ಚಿಹ್ನೆಗೆ ಮತ ಹಾಕುವ ಅಭ್ಯಾಸ ಇಲ್ಲಿ ಗಟ್ಟಿಯಾಯಿತು. ಕೂಲಿಯ ದುಡಿಮೆಯಿಂದ ಬಂದ, ಭಾರತೀಯ ಜನತಾ ಪಕ್ಷದ ಎಸ್. ಅಂಗಾರರು 1994ರಿಂದ 2018ರವರೆಗೆ ಸತತವಾಗಿ ಆರು ಚುನಾವಣೆಗಳನ್ನು ಗೆದ್ದರು. 2013ರಲ್ಲಿ ರಾಜ್ಯದ ಗಾಳಿ ವಿರುದ್ಧವಾಗಿ ಬೀಸಿ, ಜಿಲ್ಲೆಯ ಎಂಟು ಸ್ಥಾನಗಳಲ್ಲಿ ಏಳನ್ನು ಕಾಂಗ್ರೆಸ್ ಪಡೆದಾಗ ಉಳಿದ ಒಂದೇ ಒಂದು ಸ್ಥಾನ ಇದು. ಅಂತರ 1,373 ಮತಗಳು ಮಾತ್ರ. ಇಷ್ಟೆಲ್ಲ ಗೆದ್ದವರು ಮಂತ್ರಿಯಾಗಲು 2021ರವರೆಗೆ ಕಾಯಬೇಕಾಯಿತೆಂಬುದು ನನಗೆ ಇಂದಿಗೂ ನೋಯುವ ವಿಷಯ. ಮೀಸಲು ಕ್ಷೇತ್ರದ ನಿಷ್ಠೆಯನ್ನು ಪಕ್ಷಗಳು ಲೆಕ್ಕಕ್ಕೆ ಹಿಡಿಯುವವೇ ಹೊರತು ಗೌರವಕ್ಕೆ ಹಿಡಿಯುವುದು ತಡವಾಗಿ. 2023ರಲ್ಲಿ ಹೊಸಬರಾದ ಭಾಗೀರಥಿ ಮುರುಳ್ಯರನ್ನು ನಿಲ್ಲಿಸಿದಾಗ, ಸುಳ್ಯವು ತನ್ನ ಮೊದಲ ಶಾಸಕಿಯನ್ನು 30,874 ಮತಗಳ ಅಂತರದಿಂದ ಆರಿಸಿತು.

ಅದೇ ದಿನ, ಅದೇ ಸೀಮೆಯ ಮತ್ತೊಂದು ಮಗ್ಗುಲಲ್ಲಿ, ಪುತ್ತೂರು ಬೇರೆಯೇ ಮಾತನ್ನಾಡಿತು. ಭಾರತೀಯ ಜನತಾ ಪಕ್ಷದ ಟಿಕೆಟ್ ದೊರೆಯದ ಅರುಣಕುಮಾರ ಪುತ್ತಿಲರು ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ಅಶೋಕಕುಮಾರ ರೈಗಳು 66,607 ಮತಗಳಿಂದ ಗೆದ್ದರು. ಪುತ್ತಿಲರಿಗೆ 62,458 ಬಿದ್ದು, ಅಧಿಕೃತ ಅಭ್ಯರ್ಥಿ ಆಶಾ ತಿಮ್ಮಪ್ಪ ಗೌಡರು 37,558ರಲ್ಲಿ ಮೂರನೆಯವರಾಗಿ ಉಳಿದರು. ಕೊನೆಯ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಒಂದು ಲಕ್ಷ. ವಿಚಾರದ ಒಲವು ಹಾಗೆಯೇ ಇದ್ದು, ಆ ವಿಚಾರದ ವಾರಸುದಾರ ಯಾರೆಂಬುದನ್ನು ದೂರದ ನಾಯಕರು ನಿಶ್ಚಯಿಸುವುದಕ್ಕೆ ಮಾತ್ರ ಊರಿನ ಕಾರ್ಯಕರ್ತನು ಒಪ್ಪಲಿಲ್ಲ. ಪುತ್ತೂರಿಗೆ ಇದು ಹೊಸದೂ ಅಲ್ಲ: 2004ರಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆದ್ದ ಶಕುಂತಲಾ ಶೆಟ್ಟಿಯವರು 2008ರಲ್ಲಿ ಟಿಕೆಟ್ ತಪ್ಪಿ ಪಕ್ಷೇತರರಾಗಿ ನಿಂತು ಸೋತು, 2013ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. ನಡುವೆ 2008ರಲ್ಲಿ ಗೆದ್ದ ಮಲ್ಲಿಕಾ ಪ್ರಸಾದರನ್ನೂ ಸೇರಿಸಿದರೆ, ಮೂರು ಅವಧಿಗಳ ಕಾಲ ಒಂದೇ ಸಮನೆ ಮಹಿಳೆಯರನ್ನು ವಿಧಾನಸಭೆಗೆ ಕಳುಹಿಸಿದ ಕ್ಷೇತ್ರವಿದು. ಕಟ್ಟಾ ಪಕ್ಷನಿಷ್ಠರೆಂದು ಹೆಸರಾದ ಜನರಲ್ಲಿ ಈ ಸ್ವಾತಂತ್ರ್ಯವೂ ಇದೆ.

ಊರಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲಿದವರಲ್ಲ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ನಾಲ್ವರಲ್ಲಿ ಒಬ್ಬರಷ್ಟು ಮುಸಲ್ಮಾನರು, ನೂರಕ್ಕೆ ಎಂಟರಷ್ಟು ಕ್ರೈಸ್ತರು. ಆತೂರು, ಉಪ್ಪಿನಂಗಡಿಗಳ ಬ್ಯಾರಿ ವ್ಯಾಪಾರಿಗಳ ಮತ ಬಹುಕಾಲದಿಂದ ಕಾಂಗ್ರೆಸ್ಸಿನದು. 2009ರಲ್ಲಿ ಹುಟ್ಟಿದ ಎಸ್‌ಡಿಪಿಐ ಅದರಲ್ಲಿ ಒಂದು ಪಾಲನ್ನು, ಮುಖ್ಯವಾಗಿ ಪಂಚಾಯತಿಗಳಲ್ಲಿ, ಪಡೆದುಕೊಂಡಿದೆ. ನೆಲ್ಯಾಡಿ, ಕಡಬಗಳ ಗುಡ್ಡಗಳಲ್ಲಿ ರಬ್ಬರು ಬೆಳೆಸಲು ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರಿದ್ದಾರೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಫಲವಾಗಿ ಶ್ರೀಲಂಕೆಯಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಹಾಲು ಇಳಿಸುವ ತಮಿಳು ಕುಟುಂಬಗಳಿವೆ. ಅವರಿಗೆ ಜಾತಿ ಪ್ರಮಾಣಪತ್ರವೂ ನಿವೇಶನವೂ ಎಷ್ಟೋ ಸಿದ್ಧಾಂತಗಳಿಗಿಂತ ದೊಡ್ಡ ವಿಷಯ. ಒಂದು ಮತಗಟ್ಟೆಯಿಂದ ಇನ್ನೊಂದಕ್ಕೆ ನಡೆದರೆ ಒಲವು ಬದಲಾಗುವುದು ಈ ಕಾರಣದಿಂದ. ಇದರ ದುಃಖಕರ ಪರಿಣಾಮವೂ ಉಂಟು: ನಮೂನೆ 20ನ್ನು ಓದಿದವರು ನಮ್ಮ ಬೂತು, ಅವರ ಬೂತು ಎಂದು ಗುರುತಿಟ್ಟುಕೊಂಡರೆ, ಮುಂದೆ ರಸ್ತೆ ಡಾಮರು ಕಾಣುವುದೂ ಕಾಣದಿರುವುದೂ ಆ ಗುರುತಿನ ಮೇಲೆ ನಿಲ್ಲುವ ಭಯವಿದೆ.

ಗ್ರಾಮ ಪಂಚಾಯತಿಗೆ ಬಂದಾಗ ಮಾತ್ರ ಮನಸ್ಸು ಇನ್ನೊಂದು ರೀತಿಯಾಗಿ ಕೆಲಸ ಮಾಡುವುದು. ಆ ಚುನಾವಣೆಯಲ್ಲಿ ಶಾಸನದ ಪ್ರಕಾರ ಪಕ್ಷದ ಚಿಹ್ನೆಯಿಲ್ಲ, ಎಲ್ಲರೂ ‘ಬೆಂಬಲಿತ’ರು. ಅಲ್ಲಿ ಕೇಳುವ ಪ್ರಶ್ನೆಗಳು ನೆಲಕ್ಕಂಟಿದವು: ಕುಡಿಯುವ ನೀರಿನ ಪೈಪು ಎಲ್ಲಿಯವರೆಗೆ ಬಂತು, ಕಾಲುಸಂಕ ಮಳೆಗಾಲಕ್ಕೆ ಮೊದಲು ಆಗುವುದೇ, 94ಸಿಯಲ್ಲಿ ಮನೆಯಡಿಯ ಹಕ್ಕುಪತ್ರ ಸಿಕ್ಕೀತೇ, ಅಕ್ರಮ-ಸಕ್ರಮದ ಕಡತ ಯಾರ ಮೇಜಿನಲ್ಲಿದೆ, ತಲೆಮಾರುಗಳಿಂದ ಸೊಪ್ಪು ಕಟ್ಟಿಗೆ ತಂದ ಕುಮ್ಕಿ ಜಾಗ ನಮ್ಮದಾಗುವುದು ಯಾವಾಗ. ಲೋಕಸಭೆಗೆ ಒಂದು ಪಕ್ಷ, ಪಂಚಾಯತಿಗೆ ಎದುರು ಪಕ್ಷದ ನೆರೆಯವನು, ಹೀಗೆ ಒಂದೇ ಮನೆಯವರು ಮತ ಹಾಕುವುದು ಅಪರೂಪವಲ್ಲ. ವಿಷಾದದ ಸಂಗತಿಯೆಂದರೆ, ಪಂಚಾಯತಿಗೂ ವಿಧಾನಸಭೆಗೂ ನಡುವಣ ಕೊಂಡಿಯಾಗಿದ್ದ ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ 2016ರಲ್ಲಿ ಆರಿಸಿಬಂದವರ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಬ್ದುಲ್ ನಜೀರ್ ಸಾಹೇಬರ ಶ್ರಮದಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳನ್ನು ಆರಿಸಿ ದೇಶಕ್ಕೆ ಮಾದರಿಯಾದ ರಾಜ್ಯಕ್ಕೆ ಇದು ಶೋಭಿಸುವ ಸ್ಥಿತಿಯಲ್ಲ.

ಇಷ್ಟಾದರೂ ಜನ ಮತಗಟ್ಟೆಗೆ ಬರುವುದನ್ನು ಬಿಟ್ಟಿಲ್ಲ. ಸುಳ್ಯ, ಪುತ್ತೂರುಗಳಲ್ಲಿ ಮತದಾನದ ಪ್ರಮಾಣ ನೂರಕ್ಕೆ ಎಂಬತ್ತರ ಆಸುಪಾಸಿನಲ್ಲಿರುವುದು ವಾಡಿಕೆ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹಿಂದಿನ ರಾತ್ರಿಯ ಬಸ್ಸು ಹಿಡಿದು ಬರುವರು. ಕಾಡಂಚಿನ ಊರುಗಳಲ್ಲಿ ರಸ್ತೆಯಿಲ್ಲವೆಂದು, ಸೇತುವೆಯಿಲ್ಲವೆಂದು, ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿ ಬೇಡವೆಂದು ಮತದಾನ ಬಹಿಷ್ಕಾರದ ಬ್ಯಾನರುಗಳು ಏಳುತ್ತವೆ. ಅಧಿಕಾರಿಗಳು ಬಂದು ಸಮಾಧಾನಪಡಿಸಿದ ಮೇಲೆ ಬಹುಪಾಲು ಜನ ಮತ ಹಾಕಿಯೇ ಹಾಕುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಅಸಮಾಧಾನ ಬೇರೊಂದು ರೂಪ ತಾಳಿತು. 2012ರಲ್ಲಿ ಪಕ್ಕದ ಬೆಳ್ತಂಗಡಿ ತಾಲೂಕಿನಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ವಿದ್ಯಾರ್ಥಿನಿಯ ಪ್ರಕರಣದಲ್ಲಿ, ಹನ್ನೊಂದು ವರ್ಷಗಳ ಅನಂತರ ಏಕೈಕ ಆರೋಪಿಯೂ ನಿರ್ದೋಷಿಯೆಂದು ಬಿಡುಗಡೆಯಾದಾಗ, ಹಾಗಾದರೆ ಕೊಂದವರಾರೆಂಬ ಪ್ರಶ್ನೆಯನ್ನು ಯಾವ ಪಕ್ಷವೂ ಎತ್ತಿಕೊಳ್ಳಲಿಲ್ಲವೆಂದು ನೊಂದವರು ಊರೂರು ತಿರುಗಿ ‘ನೋಟಾ’ಕ್ಕೆ ಮತ ಹಾಕಿರೆಂದು ಕೇಳಿಕೊಂಡರು. ಭಾರತೀಯ ಜನತಾ ಪಕ್ಷದ ಬ್ರಿಜೇಶ್ ಚೌಟರು 1,49,208 ಮತಗಳ ಅಂತರದಿಂದ ಗೆದ್ದರು. ಅದೇ ಚುನಾವಣೆಯಲ್ಲಿ ಯಾರೂ ಬೇಡವೆಂದವರ ಮತಗಳು 23,576 ಇದ್ದುವು. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಅಷ್ಟು ಮತಗಳು ‘ನೋಟಾ’ಕ್ಕೆ ಬೇರೆಲ್ಲಿಯೂ ಬೀಳಲಿಲ್ಲ.